ಆರು ಸೆಕೆಂಡು, ಒಂದು ಸೊನ್ನೆ

ಕರೆಂಟು ಹೋದದ್ದು ಮೂರೂಕಾಲಿಗೆ.
ಜನರೇಟರಿಗೆ ಡೀಸೆಲ್ ಇಲ್ಲವೆಂದು
ಕಾವಲಿನ ಮುದುಕ ಬಂದು ಹೇಳಿದ್ದು ಮೂರೂವರೆಗೆ.
ಮಗು ಹುಟ್ಟಿದ್ದು ಇವೆರಡರ ನಡುವೆ.
ಅಳಲಿಲ್ಲ.

ಕಿಟಕಿಯಾಚೆ ಮಲಾವಿ ಸರೋವರದ ಮೇಲೆ
ಉಸಿಪಾ ಮೀನಿಗೆ ಹೋದ ದೋಣಿಗಳ ಲಾಂದ್ರಗಳು,
ಬೇಕಾದಷ್ಟು ಬೆಳಕು, ಎಲ್ಲ ಮೀನಿಗೆ.
ನಮಗಿದ್ದದ್ದು ಲುಸುಂಗು ಹಲ್ಲಲ್ಲಿ ಕಚ್ಚಿ ಹಿಡಿದ
ಒಡೆದ ಗಾಜಿನ ಮೊಬೈಲು.

ಅಮ್ಮನ ಚಿತೇಂಜೆ ಬಟ್ಟೆಯಲ್ಲೇ ಒರೆಸಿದೆ.
ಬೆನ್ನು ತೀಡಿದೆ.
(ಹಿಂದೆ ತಲೆಕೆಳಗು ಮಾಡಿ ಬಡಿಯುತ್ತಿದ್ದರು,
ನನ್ನನ್ನೂ ಬಡಿದೇ ಬದುಕಿಸಿದ್ದಂತೆ.)
ಮೂಗು ಬಾಯಿ ಮುಚ್ಚುವಂತೆ ಮಾಸ್ಕಿಟ್ಟು ಚೀಲ ಹಿಂಡಿದೆ.
‘ಎಷ್ಟು?’

ಹೊಕ್ಕುಳಬಳ್ಳಿಯ ಬುಡ ಹಿಡಿದಿದ್ದವಳು
ಮೊಬೈಲು ಕಚ್ಚಿಕೊಂಡೇ ತೊದಲಿದಳು:
‘ನೂರ ಮೂವತ್ತು, ಸಿಸ್ಟರ್ ಎಲೂಬಿ.’

ಇಷ್ಟು ನೀಲಿಗೆ ನೂರ ಮೂವತ್ತು ಎಲ್ಲಿಂದ ಬರಬೇಕು?
ಹುಡುಗಿ, ಅದು ನಿನ್ನದು.
ನಿನ್ನ ಬೆರಳ ತುದಿಗೇ ಬಂದು ಕೂತಿರುವ
ನಿನ್ನ ಪುಕ್ಕಲು.
ಬಳ್ಳಿ ಕೆಲವು ಸಲ ಸುಳ್ಳು ಹೇಳುತ್ತದೆ,
ಹೆದರಿದ ಬೆರಳು ಪ್ರತಿಸಲವೂ.

ಸ್ಟೆತೊಸ್ಕೋಪು ಕಿವಿಗಿಡು.
ಕೇಳಿದ್ದನ್ನು ಬಾಯಲ್ಲಿ ಹೇಳಬೇಡ, ಮೇಜಿಗೆ ತಟ್ಟಿ ಹೇಳು,
ನನ್ನೆರಡೂ ಕೈಗೆ ಕೆಲಸವಿದೆ, ಕಿವಿ ಖಾಲಿ ಇದೆ.
ಆರು ಸೆಕೆಂಡು ಎಣಿಸು, ಮುಂದೊಂದು ಸೊನ್ನೆ ಇಡು,
ಒಂದು ನಿಮಿಷದ ಲೆಕ್ಕ ಸಿಗುತ್ತದೆ.
ಇಡೀ ನಿಮಿಷ ಕಾಯಲು
ಇಲ್ಲಿ ಯಾರ ಹತ್ತಿರವೂ ನಿಮಿಷವಿಲ್ಲ.

ಕಪಾಟಿನಲ್ಲಿ ಯಂತ್ರವೊಂದಿದೆ,
ಯಾವುದೋ ದೂರದ ಚರ್ಚಿನವರು ಕೊಟ್ಟದ್ದು.
ಅಂಗೈಗೆ ಸುತ್ತಿದರೆ ಕೆಂಪಗೆ ಹೊತ್ತಿಕೊಂಡು,
ಎರಡು ಅಡ್ಡಗೆರೆ ತೋರಿಸುತ್ತಾ ಬಹಳ ಹೊತ್ತು ಯೋಚಿಸುತ್ತದೆ,
ಸಾಲ ಕೇಳಿದಾಗ ನನ್ನ ಭಾವ ಯೋಚಿಸುವ ಹಾಗೆ.
ಒಳ್ಳೆಯ ಯಂತ್ರವೇ. ಕೊನೆಗೆ ನಿಜ ಹೇಳುತ್ತದೆ.
ಈ ರಾತ್ರಿ ಅದಕ್ಕೂ ಬ್ಯಾಟರಿ ಇಲ್ಲ.

ಟಕ್.
ಟಕ್.
(ಇಷ್ಟು ದೂರವೇ ಒಂದಕ್ಕೂ ಇನ್ನೊಂದಕ್ಕೂ?)
ಟಕ್.
ಟಕ್.
ಟಕ್.
ಐದು. ಐವತ್ತು.

ಸೊನ್ನೆಗೆ ಬೆಲೆ ಬರುವುದು ಹಿಂದೊಂದು ಅಂಕಿಯಿದ್ದರೆ.
ಮಾರ್ಚಿಯಲ್ಲೊಮ್ಮೆ ಇದೇ ಮೇಜು, ನನ್ನದೇ ಬೆರಳು,
ತಟ್ಟಲು ಎತ್ತಿದ್ದು ಎತ್ತಿದ ಹಾಗೇ ನಿಂತಿತ್ತು.
ಸೊನ್ನೆಯ ಮುಂದೆ ಸೊನ್ನೆ ಇಡುವುದು
ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.
ರಿಜಿಸ್ಟರಿನಲ್ಲಿ ಬರೀ ಗೆರೆ ಎಳೆದೆ.

ಎದೆ ಏಳುತ್ತಿಲ್ಲ. ಗಾಳಿ ಕೆನ್ನೆಯ ಪಕ್ಕದಿಂದ
ಪಿಸುಗುಟ್ಟಿಕೊಂಡು ಹೊರಗೆ ಓಡುತ್ತಿದೆ.
ಗಲ್ಲ ಒಂದೆಳೆ ಮೇಲೆತ್ತಿದೆ,
ಮಾಸ್ಕನ್ನು ಹೊಸದಾಗಿ ಕೂರಿಸಿದೆ.
ಹಿಂಡು, ಬಿಡು.
ಈಗ ಎದ್ದಿತು, ಹಾಲು ಉಕ್ಕುವ ಮೊದಲು
ಕೆನೆ ಏಳುತ್ತದಲ್ಲ, ಅಷ್ಟು.

ಟಕ್. ಟಕ್. ಟಕ್.
ಏಳು.
ಟಕ್ ಟಕ್ ಟಕ್ ಟಕ್
ಹತ್ತು.

ಮಂಚದ ಮೇಲಿನ ಕತ್ತಲಿಂದ ತವೊಂಗಾ ಕೇಳಿದಳು:
‘ಇಷ್ಟು ಹೊತ್ತಲ್ಲಿ ಬಾಗಿಲು ಬಡಿಯುತ್ತಿರುವುದು ಯಾರು?
ಯಾರಾದರೂ ತೆಗೆಯಿರಿ, ಪಾಪ.’

ನಾನು ಮಾತಾಡಲಿಲ್ಲ.
ಲುಸುಂಗುವಿನ ಬೆರಳು ಲೆಕ್ಕ ತಪ್ಪಿತು,
ಅಷ್ಟು ಬೇಗ ತಟ್ಟಲು ಅವಳ ಕೈಗೆ ಬರಲಿಲ್ಲ.
ಮೊದಲು ಬಿಕ್ಕು. ಆಮೇಲೆ
ಬೆಕ್ಕಿನ ಮರಿಯ ಕೋಪದಂಥದೊಂದು ದನಿ.
ಮೊಬೈಲು ಬಾಯಿಂದ ಜಾರಿ ನೆಲಕ್ಕೆ ಬಿತ್ತು,
ಗಾಜು ಇನ್ನಷ್ಟು ಒಡೆಯಿತು.
ಕತ್ತಲಲ್ಲಿ ಮೂವರೂ ಅದನ್ನೇ ಕೇಳುತ್ತಾ ನಿಂತೆವು.
ನಿಂತೆವು ಅಂದೆ. ತವೊಂಗಾ ಮಲಗಿದ್ದಳು.

ಬೆಳಗ್ಗೆ ರಿಜಿಸ್ಟರು:
ಹೆಣ್ಣು, ಎರಡು ಕಿಲೊ ಏಳುನೂರು.
ಹೃದಯದ ಬಡಿತ, ಮೊದಲ ನಿಮಿಷ: ಐವತ್ತು.
ಐದನೆಯ ನಿಮಿಷ: ನೂರ ನಲವತ್ತು.
ನಡುವಿನ ನಾಲ್ಕಕ್ಕೆ ಅಂಕಣವಿಲ್ಲ.

ಮೆಟ್ಟಿಲ ಮೇಲೆ ಚಹಾ.
ದೋಣಿಗಳು ದಡಕ್ಕೆ ಬಂದಿದ್ದವು, ಲಾಂದ್ರಗಳು ಆರಿದ್ದವು.
ಲುಸುಂಗು ಅತ್ತ ನೋಡುತ್ತಿದ್ದಳು.
ಬೆರಳು ಮಾತ್ರ, ಅವಳಿಗೇ ಗೊತ್ತಿಲ್ಲದೆ,
ಎನಾಮಲ್ ಲೋಟಕ್ಕೆ ತಟ್ಟುತ್ತಲೇ ಇತ್ತು.

ಗಡಿಯಾರ ನೋಡಿ ಆರು ಸೆಕೆಂಡು ಎಣಿಸಿದೆ.
ಹನ್ನೆರಡು.
ಇನ್ನೊಂದು ಚಮಚ ಸಕ್ಕರೆ ಹಾಕಿದೆ ಅವಳ ಚಹಾಕ್ಕೆ.